ಗುಡ್ಡ ಕುಸಿತ: ಚುಕ್ಕೆ ನೆತ್ತಿಯಲ್ಲಿರಲಿ, ರಸ್ತೆಯಲ್ಲಲ್ಲ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ, ಕಾರವಾರ

ಮಾನ್ಯರೇ,

2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಗುಡ್ಡ ಕುಸಿದ ಈ ಊರುಗಳ ಹೆಸರನ್ನು ಜಿಲ್ಲೆ ಮರೆತಿಲ್ಲ. ಆದರೆ ಪ್ರತಿ ಮಳೆಗಾಲ ಮನೆ ಹಿಂದೆ, ಘಟ್ಟದ ತಿರುವುಗಳಲ್ಲಿ ಜಾರುವ ಸಣ್ಣ ಧರೆಗಳು (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಬದಿಗಳು) ಮಣ್ಣು ತೆಗೆದ ಮಾರನೇ ದಿನವೇ ಮರೆತುಹೋಗುತ್ತವೆ. ಮುಂದೆ ಎಲ್ಲಿ ಕುಸಿಯಬಹುದೆಂದು ನಕಾಶೆಯಲ್ಲಿ ಹುಡುಕಲು ಬೇಕಾದದ್ದು ಅವೇ. ಅವುಗಳನ್ನು ದಾಖಲಿಸುವ ಕ್ರಮ ಸರಿಹೋಗಬೇಕೆಂಬುದು ನಮ್ಮ ಮನವಿ.

ಹೆಚ್ಚಿನ ಎಡವಟ್ಟು ಕುಸಿದ ಜಾಗಕ್ಕೆ ನಕಾಶೆಯಲ್ಲಿ ಚುಕ್ಕೆ ಇಡುವಲ್ಲೇ ಆಗುತ್ತದೆ. ಮಣ್ಣು ಬಂದು ಬಿದ್ದ ರಸ್ತೆಯ ಮೇಲೆ ನಿಂತು ಅಕ್ಷಾಂಶ-ರೇಖಾಂಶ ಬರೆದುಕೊಂಡರೆ, ಇಳಿಜಾರಿನ ನಕಾಶೆಯ ಜೊತೆ ಹೋಲಿಸುವಾಗ ಸಮತಟ್ಟು ಜಾಗವೇ ಕುಸಿದಂತೆ ಲೆಕ್ಕ ಬರುತ್ತದೆ. ಗುಡ್ಡ ಬಿರುಕು ಬಿಟ್ಟ ನೆತ್ತಿಗೂ ಮಣ್ಣು ನಿಂತ ಬುಡಕ್ಕೂ ಬೇರೆ ಬೇರೆ ಚುಕ್ಕೆ ಬೇಕು. ನೆತ್ತಿಗೆ ಹತ್ತುವುದು ಅಪಾಯವಾದರೆ ಉಪಗ್ರಹ ಚಿತ್ರದ ಮೇಲೆ ಗುರುತಿಸಿದರೂ ಸಾಕು. ದಶಮಾಂಶದ ನಂತರ ಐದು ಅಂಕಿ ಇರಲಿ. ಮೂರಕ್ಕೇ ನಿಲ್ಲಿಸಿದರೆ ಚುಕ್ಕೆ ಐವತ್ತು ಮೀಟರಿನಷ್ಟು ಆಚೀಚೆ ಆಗಬಹುದು, ಅಂದರೆ ಪಕ್ಕದ ಇಳಿಜಾರಿಗೇ ಹೋಗಬಹುದು.

ಇನ್ನೊಂದು ತೊಡಕು ನೆಲವನ್ನು 30 ಮೀಟರ್ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೆ ಒಂದೇ ಎತ್ತರ ಕೊಡುವ, ಉಚಿತವಾಗಿ ಸಿಗುವ ಮಾಹಿತಿಯದ್ದು. ಎಂಟು ಮೀಟರ್ ನೆಟ್ಟಗೆ ಕಡಿದ ಧರೆ ಒಂದು ಚೌಕದೊಳಗೆ ಸರಾಸರಿಯಾಗಿ ಸುಮಾರು 15 ಡಿಗ್ರಿಯ ಸೌಮ್ಯ ಇಳಿಜಾರಾಗಿ ಕಾಣುತ್ತದೆ. 1:50,000 ಅಳತೆಯ ನಕಾಶೆಯಲ್ಲಂತೂ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಅಂಥ ನಕಾಶೆಯಲ್ಲಿ ಅಪಾಯ ಕಡಿಮೆ ಎನ್ನುವ ಹಸಿರು ಬಣ್ಣ ಇದೆಯೆಂದು ಮನೆ ಹಿಂದಿನ ಧರೆ ಸುರಕ್ಷಿತ ಎನ್ನಲಾಗದು. ಧರೆಯ ಎತ್ತರ, ಬುಡದಿಂದ ಗೋಡೆಗಿರುವ ದೂರ, ಚಿರೆಕಲ್ಲಿನ ಕೆಳಗಿನ ಜೇಡಿಯಿಂದ ನೀರು ಜಿನುಗುತ್ತಿದೆಯೇ, ಮೇಲೆ ಚರಂಡಿ ಇದೆಯೇ: ಇವನ್ನು ಟೇಪು ಹಿಡಿದು, ಕಣ್ಣಲ್ಲಿ ನೋಡಿಯೇ ಬರೆಯಬೇಕು.

ಚುಕ್ಕೆಗಳ ದಟ್ಟಣೆಯ ನಕಾಶೆ ತೆಗೆದರೆ ಹೆದ್ದಾರಿ 66, ದೇವಿಮನೆ ಘಟ್ಟ, ಅರಬೈಲ್ ಘಟ್ಟಗಳೇ ಕೆಂಪಾಗುವ ಸಂಭವ ಹೆಚ್ಚು. ಜನ ಓಡಾಡುವಲ್ಲಿ ಕುಸಿತ ಕಣ್ಣಿಗೆ ಬೀಳುತ್ತದೆ, ಜೋಯಿಡಾದ ಕಾಡಿನೊಳಗೆ ಬೀಳುವುದಿಲ್ಲ. ಆದ್ದರಿಂದ ಕಡಿದ ಧರೆಯ ಪ್ರತಿ ಕಿಲೋಮೀಟರಿಗೆ ಎಷ್ಟು ಕುಸಿತ ಎಂದು ಲೆಕ್ಕ ಹಾಕಬೇಕು. ಕುಸಿದ ಒಂದೊಂದು ಧರೆಗೂ ಅದೇ ಮಳೆಯಲ್ಲಿ ಕುಸಿಯದೆ ನಿಂತ ಎರಡು ಧರೆಗಳನ್ನು ದಾಖಲಿಸಬೇಕು. ಇದಿಲ್ಲದೆ ಕಾರಣ ಯಾವುದೆಂದು ಬೇರ್ಪಡಿಸುವುದು ಕಷ್ಟ.

ಮಳೆಯ ಅಂಕಿಯನ್ನು ತಾಲೂಕು ಕೇಂದ್ರದಿಂದ ತರುವುದು ಬೇಡ. ಹತ್ತಿರದ ಪಂಚಾಯ್ತಿಯ ಮಳೆಮಾಪಕದಿಂದ ಹಿಂದಿನ 24 ಗಂಟೆಯದ್ದು, ಹಿಂದಿನ ಹದಿನೈದು ದಿನದ್ದು ಎರಡೂ ಇರಲಿ. ದೂರದ ಲೆಕ್ಕಕ್ಕೆ ಮೀಟರಿನಲ್ಲಿ ಅಳೆಯುವ ನಕಾಶೆ ಪದ್ಧತಿಯಾದ ಯುಟಿಎಂನ 43 ಉತ್ತರ ವಲಯ ಬಳಸಿ, ಡಿಗ್ರಿಯಲ್ಲಿ ಅಳೆಯಬೇಡಿ. ನಕಾಶೆ ತಯಾರಿಸುವ ತಂತ್ರಾಂಶ ಕ್ಯುಜಿಐಎಸ್ ಉಚಿತ, ಕಚೇರಿಯ ಸಾಮಾನ್ಯ ಕಂಪ್ಯೂಟರಿನಲ್ಲೇ ನಡೆಯುತ್ತದೆ.

ಜೂನ್ ಮೊದಲ ಮಳೆಗೆ ಮುಂಚೆ ಈ ವಿವರಗಳ ಒಂದು ಪುಟದ ನಮೂನೆ ಪ್ರತಿ ಗ್ರಾಮ ಆಡಳಿತ ಅಧಿಕಾರಿಯ ಕೈಗೆ ಸಿಗಲಿ. ತುಂಬಿದ ಪಟ್ಟಿಯನ್ನು, ಮನೆಯವರ ಹೆಸರು ಬಿಟ್ಟು, ಜಿಲ್ಲೆಯ ಜಾಲತಾಣದಲ್ಲಿ ಪ್ರತಿ ತಿಂಗಳು ಹಾಕಿಸಿ.

ಇಂತಿ,
ಶಿರಸಿ ಮತ್ತು ಕಾರವಾರದ ಭೂಮಾಹಿತಿ ಕೆಲಸಗಾರರು