ಅದು ಅರಳುಮರಳಲ್ಲ, ಕಾಯಿಲೆ. ನೋಡಿಕೊಳ್ಳುವವರಿಗೂ ಆಸರೆ ಬೇಕು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಸೆಪ್ಟೆಂಬರ್ 21ರಂದು, ವಿಶ್ವ ಅಲ್ಝೈಮರ್ಸ್ ದಿನದ ಹೊತ್ತಿಗೆ, ಪತ್ರಿಕೆಗಳಲ್ಲಿ ನೆನಪನ್ನು ಅಳಿಸುತ್ತ ಹೋಗುವ ಈ ಮಿದುಳಿನ ಕಾಯಿಲೆಯ ಲಕ್ಷಣಗಳ ಪಟ್ಟಿ ಬರುತ್ತದೆ. ಬರಲೇಬೇಕು. ಆದರೆ ಅದನ್ನು ಓದಿ, ವೈದ್ಯರಲ್ಲಿಗೆ ಹೋಗಿ, ಕಾಯಿಲೆ ಇದೇ ಎಂದು ಖಚಿತವಾದ ಮೇಲೆ ಮನೆಯವರ ಪಾಡೇನು ಎಂದು ಹೇಳುವವರು ಕಡಿಮೆ. ಮಾತ್ರೆಯ ಚೀಟಿ ಕೈಗೆ ಬರುತ್ತದೆ. ಸ್ನಾನ ಬೇಡವೆಂದು ಹಟ ಹಿಡಿದವರನ್ನು ಒಲಿಸುವುದು ಹೇಗೆ, ನಡುರಾತ್ರಿ ಬಾಗಿಲು ತೆಗೆದು ಹೊರಟವರನ್ನು ನಿಲ್ಲಿಸುವುದು ಹೇಗೆ ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ. ಆರೈಕೆಯೂ ಕಲಿತು ಮಾಡಬೇಕಾದ ಕೆಲಸ. ಅದನ್ನು ಯಾರೂ ಕಲಿಸದೆ, ಆಮೇಲೆ ಮನೆಯವರಿಗೆ ತಾಳ್ಮೆ ಸಾಲದು ಎನ್ನುವುದು ನ್ಯಾಯವಲ್ಲ. ಈ ಆರೈಕೆಯಲ್ಲಿ ತೊಡಗಿರುವ ನಾವು ಪತ್ರ ಬರೆಯುತ್ತಿರುವುದು ಇದಕ್ಕಾಗಿಯೇ.

ಮೊದಲು ನಮ್ಮ ಮಾತಿನ ರೂಢಿ ಬದಲಾಗಬೇಕು. ‘ಅರವತ್ತಕ್ಕೆ ಅರಳುಮರಳು’ ಎಂದುಕೊಂಡು ಎಷ್ಟೋ ಮನೆಗಳಲ್ಲಿ ವರ್ಷಗಳೇ ಕಳೆದುಹೋಗುತ್ತವೆ. ಹೆಸರು ನಾಲಿಗೆಯ ತುದಿಯಲ್ಲಿದ್ದೂ ಬಾರದಿರುವುದು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಸಹಜ ಮರೆವು. ಉಂಡ ಅರ್ಧ ಗಂಟೆಗೇ ನನಗೆ ಊಟ ಹಾಕಿಲ್ಲ ಎನ್ನುವುದು, ನಿತ್ಯ ಓಡಾಡಿದ ದಾರಿಯಲ್ಲೇ ದಿಕ್ಕು ತಪ್ಪುವುದು, ಜೀವಮಾನವಿಡೀ ಲೆಕ್ಕ ಬರೆದವರು ಚಿಲ್ಲರೆ ಎಣಿಸಲು ತಡವರಿಸುವುದು ಸಹಜವಲ್ಲ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ಮೊದಲ ಬಾರಿಗೆ ವಿವರಿಸಿದ್ದು ಐವತ್ತರ ಆಸುಪಾಸಿನಲ್ಲೇ ಕಾಯಿಲೆಗೆ ತುತ್ತಾದ ಒಬ್ಬ ಹೆಂಗಸಿನ ಸ್ಥಿತಿಯನ್ನು. ಮಿದುಳಿನ ಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಗಟ್ಟುತ್ತದೆ, ಒಳಗೆ ಟೌ ಎಂಬ ಪ್ರೋಟೀನು ಎಳೆಎಳೆಯಾಗಿ ಸಿಕ್ಕುಬೀಳುತ್ತದೆ. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಮೊದಮೊದಲೇ ಪೆಟ್ಟು ಬೀಳುವುದರಿಂದ ಇವತ್ತು ಬೆಳಿಗ್ಗೆ ನಡೆದದ್ದು ನಿಲ್ಲುವುದಿಲ್ಲ, ಬಾಲ್ಯದ್ದು ಉಳಿದಿರುತ್ತದೆ. ‘ಹಳೆಯದೆಲ್ಲ ನೆನಪಿದೆಯಲ್ಲ, ಇದು ನಾಟಕ’ ಎನ್ನುವವರು ಇಷ್ಟನ್ನು ತಿಳಿದುಕೊಂಡರೆ ಮನೆಯ ಅರ್ಧ ಜಗಳ ನಿಲ್ಲುತ್ತದೆ.

ಮರೆವೆಲ್ಲ ಅಲ್ಝೈಮರ್ಸ್ ಅಲ್ಲ ಎಂಬುದೂ ಅಷ್ಟೇ ಮುಖ್ಯ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಹಿಂದೆಂದೋ ಬಿದ್ದು ತಲೆಯೊಳಗೆ ಕಟ್ಟಿದ ರಕ್ತ, ಮಿದುಳಿನಲ್ಲಿ ನೀರು ತುಂಬಿಕೊಳ್ಳುವುದು, ಇವೆಲ್ಲ ಮರೆವನ್ನು ತರುತ್ತವೆ. ಇವಕ್ಕೆ ಚಿಕಿತ್ಸೆಯಿದೆ. ಅದಕ್ಕೇ ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಆಗದೆ ಯಾರೂ ತೀರ್ಮಾನಕ್ಕೆ ಬರಬಾರದು. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ನಿದ್ದೆಯ ಮಾತ್ರೆ, ಶೀತ–ಅಲರ್ಜಿಯ ಕೆಲವು ಮಾತ್ರೆ, ಮೂತ್ರ ತಡೆಯಲು ಕೊಡುವ ಕೆಲವು ಔಷಧಿಗಳೂ ಬುದ್ಧಿಯನ್ನು ಮಂಕಾಗಿಸುತ್ತವೆ. ಕಿವಿ ಸರಿಯಾಗಿ ಕೇಳುತ್ತದೆಯೇ ಎಂದೂ ನೋಡಿಸಿ. ಇನ್ನೊಂದು ಎಚ್ಚರಿಕೆ: ಈ ಕಾಯಿಲೆ ನಿಧಾನವಾಗಿ ಏರುತ್ತದೆ. ಒಂದೆರಡು ದಿನದೊಳಗೆ ದಿಢೀರನೆ ಗೊಂದಲ ಹೆಚ್ಚಿದರೆ, ಮಂಪರು ಕವಿದರೆ, ಇಲ್ಲದ್ದನ್ನು ಕಂಡಂತೆ ಮಾತಾಡಿದರೆ ಅದು ಡೆಲಿರಿಯಂ ಎಂಬ ಬೇರೆಯೇ ತೊಂದರೆ ಇರಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ಮಲಬದ್ಧತೆ, ಹೊಸ ಔಷಧಿ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ‘ಕಾಯಿಲೆ ಜಾಸ್ತಿಯಾಯಿತು’ ಎಂದು ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಔಷಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್‌ನಂಥವು ಕೆಲವರಿಗೆ ಕೆಲಕಾಲ ಅನುಕೂಲ ಮಾಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಚರ್ಮಕ್ಕೆ ಅಂಟಿಸುವ ರಿವಾಸ್ಟಿಗ್ಮಿನ್ ಪಟ್ಟಿ (ಪ್ಯಾಚ್) ಬಳಸುವವರು ಹೊಸದನ್ನು ಹಚ್ಚುವ ಮೊದಲು ಹಳೆಯದನ್ನು ಕಿತ್ತು ಬಿಸಾಡಿದ್ದು ಖಚಿತ ಮಾಡಿಕೊಳ್ಳಿ. ಬೆನ್ನ ಮೇಲೆ ಹಳೆಯ ಪಟ್ಟಿ ಉಳಿದುಬಿಟ್ಟರೆ ಔಷಧಿ ಮಿತಿ ಮೀರಿ ವಾಂತಿಯಾಗುತ್ತದೆ, ನಾಡಿ ಇಳಿಯುತ್ತದೆ. ರೇಗಾಟ ತಡೆಯಲೆಂದು ಕೊಡುವ ಮನೋರೋಗದ ಮಾತ್ರೆಗಳಿಂದ ಈ ರೋಗಿಗಳಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚು. ಅವು ಕೊನೆಯ ದಾರಿಯಾಗಬೇಕು. ಎಷ್ಟು ದಿನ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ವೈದ್ಯರನ್ನು ನೇರವಾಗಿ ಕೇಳಿ.

ಇನ್ನು ಸ್ನಾನ. ಬಹಳ ಮನೆಗಳಲ್ಲಿ ಕಣ್ಣೀರು ಬರುವುದು ಬಚ್ಚಲಲ್ಲೇ. ಎದುರಿಗಿರುವವರು ಮಗಳೋ ಸೊಸೆಯೋ ಎಂದು ಗುರುತು ಸಿಗದವರಿಗೆ, ಯಾರೋ ಬಂದು ಬಟ್ಟೆ ಬಿಚ್ಚುತ್ತಿದ್ದಾರೆ ಎಂದೇ ಅನಿಸುತ್ತದೆ. ಆಳ ಅಂದಾಜಾಗದ ಕಣ್ಣಿಗೆ ಕಡುಬಣ್ಣದ ಒದ್ದೆ ನೆಲ ಗುಂಡಿಯಂತೆ ಕಾಣುತ್ತದೆ. ತಲೆಯ ಮೇಲೆ ದಿಢೀರನೆ ನೀರು ಬಿದ್ದರೆ ಉಸಿರು ಕಟ್ಟಿದಂತಾಗುತ್ತದೆ. ಆಗ ಅವರು ಕೈ ಎತ್ತುವುದು ಸಿಟ್ಟಿನಿಂದಲ್ಲ, ಹೆದರಿ. ಆದ್ದರಿಂದ ‘ಸ್ನಾನ ಮಾಡ್ತೀರಾ?’ ಎಂದು ಕೇಳಬೇಡಿ, ಬೇಡವೆಂದೇ ಉತ್ತರ ಬರುತ್ತದೆ. ‘ಬಿಸಿನೀರು ಕಾದಿದೆ, ಬನ್ನಿ’ ಎಂದು ಕೈ ಚಾಚಿ. ಎರಡು ಟವೆಲ್, ಸೋಪು, ಉಡುವ ಕ್ರಮದಲ್ಲೇ ಜೋಡಿಸಿದ ಬಟ್ಟೆ, ಎಲ್ಲ ಮೊದಲೇ ಕೈಗೆಟುಕುವಂತಿರಲಿ. ನಡುವೆ ಬಿಟ್ಟು ಹೋಗುವಂತಿಲ್ಲ. ಕಾಲಿಗೆ ರಬ್ಬರ್ ಇರುವ, ಬೆನ್ನೊರಗುವ ಕುರ್ಚಿ ಹಾಕಿ. ಹಿಡಿಕೆಯನ್ನು ಗೋಡೆಗೆ ಬೋಲ್ಟ್ ಹಾಕಿಸಿ, ಟವೆಲ್ ನೇತುಹಾಕುವ ಸರಳು ಮೈಭಾರಕ್ಕೆ ಕಿತ್ತು ಬರುತ್ತದೆ. ನೀರಿನ ಬಿಸಿಯನ್ನು ನಿಮ್ಮ ಮಣಿಕಟ್ಟಿನ ಒಳಭಾಗದಲ್ಲಿ ನೋಡಿ, ಅವರು ಹೇಳಲಾರರು. ಭುಜಕ್ಕೊಂದು, ತೊಡೆಗೊಂದು ಟವೆಲ್ ಹೊದಿಸಿ, ಪಾದದಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ತೊಳೆಯುವ ಭಾಗದ ಬಟ್ಟೆ ಮಾತ್ರ ಸರಿಸಿ. ಅವರ ಕೈಗೂ ಒಂದು ಸೋಪು ಕೊಡಿ, ಹಳೆಯ ಅಭ್ಯಾಸದಿಂದ ಕೈ ತಾನಾಗಿ ಉಜ್ಜತೊಡಗುತ್ತದೆ. ತಲೆಸ್ನಾನ ಕೊನೆಗೆ, ಇಲ್ಲವೇ ಇನ್ನೊಂದು ದಿನ. ಒಪ್ಪದಿದ್ದರೆ ಎಳೆದಾಡಬೇಡಿ; ಇಪ್ಪತ್ತು ನಿಮಿಷ ಬಿಟ್ಟು ಹೊಸದಾಗಿ ಕರೆಯಿರಿ, ಬೇಡವೆಂದದ್ದನ್ನೇ ಮರೆತಿರುತ್ತಾರೆ. ವಾರಕ್ಕೆ ಎರಡು ಮೂರು ಸ್ನಾನ ಸಾಕು. ಉಳಿದ ದಿನ ಮುಖ, ಕಂಕುಳು, ತೊಡೆಸಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ದಿನಾ ಸ್ನಾನವಾಗಲೇಬೇಕೆಂದು ದಿನಾ ಜಗಳವಾಡುವುದಕ್ಕಿಂತ ಇದು ಎಷ್ಟೋ ಮೇಲು.

ಕಳ್ಳತನದ ಆರೋಪ ಇನ್ನೊಂದು ದೊಡ್ಡ ನೋವು. ದುಡ್ಡನ್ನೋ ಉಂಗುರವನ್ನೋ ಜೋಪಾನವಾಗಿರಲೆಂದು ಅವರೇ ಬಚ್ಚಿಟ್ಟಿರುತ್ತಾರೆ, ಬಚ್ಚಿಟ್ಟದ್ದು ಮರೆಯುತ್ತದೆ, ವಸ್ತು ಮಾತ್ರ ಕಾಣುತ್ತಿಲ್ಲ. ಯಾರೋ ಕದ್ದಿರಬೇಕು ಎಂದು ಮಿದುಳು ಆ ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ. ಆಪಾದನೆ ಬೀಳುವುದು ಹಗಲಿರುಳು ಜೊತೆಗಿರುವವರ ಮೇಲೆಯೇ. ‘ನಾನು ತೆಗೆದಿಲ್ಲ’ ಎಂದು ಸಾಧಿಸಲು ಹೋದರೆ ಅನುಮಾನ ಬಲಿಯುತ್ತದೆ. ‘ಕಾಣ್ತಾ ಇಲ್ವಾ? ಬನ್ನಿ, ಇಬ್ಬರೂ ಸೇರಿ ಹುಡುಕೋಣ’ ಎನ್ನಿ. ದಿಂಬಿನ ಚೀಲ, ಬೂಟಿನೊಳಗೆ, ಬಟ್ಟೆಯ ಮಡಿಕೆ, ಹಾಸಿಗೆಯ ಅಡಿ: ಪ್ರತಿಯೊಬ್ಬರಿಗೂ ಅಡಗಿಸುವ ತಾಣಗಳು ಎರಡೋ ಮೂರೋ ಇರುತ್ತವೆ. ಅವನ್ನು ಗುರುತಿಟ್ಟುಕೊಳ್ಳಿ. ಕಸದ ಬುಟ್ಟಿಯನ್ನು ನೋಡದೆ ಚೆಲ್ಲಬೇಡಿ. ಕನ್ನಡಕ ಮತ್ತು ಬೀಗದ ಕೈ ಎರಡೆರಡು ಇರಲಿ. ದೂರದಲ್ಲಿರುವ ಬಂಧುಗಳಲ್ಲಿ ಒಂದು ಕಳಕಳಿಯ ಮನವಿ: ಫೋನಿನಲ್ಲಿ ‘ಇವರು ನನಗೆ ಊಟ ಹಾಕುವುದಿಲ್ಲ, ದುಡ್ಡು ಕದಿಯುತ್ತಾರೆ’ ಎಂದು ಕೇಳಿದ ತಕ್ಷಣ ನಂಬಿ ಬೈಯಬೇಡಿ. ಎರಡು ದಿನ ಬಂದು ಜೊತೆಗಿದ್ದು ನೋಡಿ.

ಹೊತ್ತು ಇಳಿಯುತ್ತಿದ್ದಂತೆ ಚಡಪಡಿಕೆ ಹೆಚ್ಚುವುದು ಸಾಮಾನ್ಯ. ಕತ್ತಲಾಗುವ ಮೊದಲೇ ದೀಪ ಹಾಕಿ, ಪರದೆ ಎಳೆಯಿರಿ. ಕನ್ನಡಿಯಲ್ಲಿ ಬೇರೆ ಯಾರೋ ಇದ್ದಾರೆ ಎಂದು ಹೆದರುವವರಿದ್ದರೆ ಅದನ್ನು ಮುಚ್ಚಿ. ಹಗಲಿನ ನಿದ್ದೆ ಅರ್ಧ ಗಂಟೆ ಮೀರದಿರಲಿ, ಬೆಳಗಿನ ಬಿಸಿಲಲ್ಲಿ ನಡೆದಾಡಿಸಿ. ‘ಮನೆಗೆ ಹೋಗಬೇಕು’ ಎಂದು ಎದ್ದವರಿಗೆ ‘ಇದೇ ಮನೆ’ ಎಂದು ವಾದಿಸಿ ಫಲವಿಲ್ಲ. ಆ ಮಾತಿನ ಹಿಂದೆ ಮೂತ್ರದ ಒತ್ತಡವಿರಬಹುದು, ಹಸಿವಿರಬಹುದು, ನೋವಿರಬಹುದು. ಮೊದಲು ಶೌಚಕ್ಕೆ ಕರೆದೊಯ್ದು, ಕುಡಿಯಲು ಕೊಟ್ಟು, ಆ ಮನೆ ಹೇಗಿತ್ತು ಎಂದು ಕೇಳಿ. ಬಾಗಿಲಿಗೆ ಕಣ್ಣಿನ ಮಟ್ಟಕ್ಕಿಂತ ಮೇಲೆ ಇಲ್ಲವೇ ತೀರ ಕೆಳಗೆ ಇನ್ನೊಂದು ಚಿಲಕ, ಜೊತೆಗೆ ಸದ್ದಾಗುವ ಗಂಟೆ ಇರಲಿ. ಆದರೆ ಅವರೊಬ್ಬರನ್ನೇ ಒಳಗೆ ಬಿಟ್ಟು ಬೀಗ ಹಾಕಿ ಹೋಗಲೇಬೇಡಿ, ಬೆಂಕಿ ಬಿದ್ದರೆ ಹೊರಬರಲಾರರು. ಫೋನ್ ಸಂಖ್ಯೆಯನ್ನು ಅಂಗಿಯ ಒಳಬದಿಗೆ ಹೊಲಿಯಿರಿ. ಜೇಬಿನ ಚೀಟಿ ಉಳಿಯುವುದಿಲ್ಲ.

ಕಾಯಿಲೆ ಮುಂದುವರಿದಂತೆ ನುಂಗುವುದೂ ಮರೆಯುತ್ತದೆ. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡಿ. ಊಟದ ಕೊನೆಗೆ ಕೆನ್ನೆಯ ಒಳಗೆ ತುತ್ತು ಉಳಿದಿದೆಯೇ ನೋಡಿ. ಅರ್ಧ ಗಂಟೆ ಮಲಗಿಸಬೇಡಿ. ತಿನ್ನುವಾಗ ಕೆಮ್ಮು, ಆಮೇಲೆ ಗೊರಗೊರ ದನಿ ಬಂದರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತಿರಬಹುದು. ನ್ಯುಮೋನಿಯಾಕ್ಕೆ ಇದೇ ದಾರಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಮತ್ತು ಬೆನ್ನ ಕೆಳತುದಿಯ ಚರ್ಮ ಕೆಂಪಾಗಿದೆಯೇ ನೋಡಿ.

ಇಷ್ಟನ್ನೂ ಮಾಡುತ್ತಿರುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಬುದ್ಧಿ ಕುಂದುವ ಸ್ಥಿತಿ ಇತ್ತು. ಅದರಲ್ಲಿ ಶೇ 60ರಿಂದ 70ರಷ್ಟು ಅಲ್ಝೈಮರ್ಸ್. ಆರೈಕೆಯ ಒಟ್ಟು ಸಮಯದಲ್ಲಿ ಶೇ 70ರಷ್ಟು ಹೆಣ್ಣುಮಕ್ಕಳ ಹೆಗಲ ಮೇಲಿದೆ. ನಿದ್ದೆಗೆಟ್ಟು, ಬೆನ್ನು ನೋವು ನುಂಗಿಕೊಂಡು, ತಮ್ಮ ಬಿಪಿ ಮಾತ್ರೆ ಮರೆತು ದುಡಿಯುವವರು ಒಂದು ದಿನ ಸಿಟ್ಟಿಗೆದ್ದರೆ ಅದು ಕೆಟ್ಟತನವಲ್ಲ, ದಣಿವು. ಕೈ ಎತ್ತಬೇಕೆನಿಸಿದ ಗಳಿಗೆಯಲ್ಲಿ ರೋಗಿ ಬೀಳದಂತೆ ಕೂತಿದ್ದಾರೆಯೇ ನೋಡಿ, ಪಕ್ಕದ ಕೋಣೆಗೆ ಹೋಗಿ ಐದು ನಿಮಿಷ ಕೂರಿ. ಎರಡು ವಾರಕ್ಕೂ ಮೀರಿ ಅಳು, ನಿದ್ದೆಗೇಡು, ಯಾವುದೂ ಬೇಡವೆನ್ನುವ ಭಾವ ಮುಂದುವರಿದರೆ ನಿಮಗಾಗಿ ವೈದ್ಯರನ್ನು ಕಾಣಿ.

ಬಂಧುಗಳೇ, ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವುದರಿಂದ ಯಾರ ಹೊರೆಯೂ ಇಳಿಯುವುದಿಲ್ಲ. ‘ಗುರುವಾರ ಮಧ್ಯಾಹ್ನ 2ರಿಂದ 6ರವರೆಗೆ ನಾನಿರುತ್ತೇನೆ’ ಎನ್ನಿ, ಪ್ರತಿ ಗುರುವಾರ ಬನ್ನಿ. ಮನೆಯಿಂದ ಹೊರಗೆ ಸಿಗುವ ಆ ನಾಲ್ಕು ಗಂಟೆ ಔಷಧಿಗೆ ಸಮ. ಬ್ಯಾಂಕು, ಆಸ್ತಿ, ಮುಂದಿನ ಚಿಕಿತ್ಸೆಯ ಮಾತನ್ನೂ ರೋಗಿ ತನ್ನ ಇಚ್ಛೆಯನ್ನು ಹೇಳಬಲ್ಲ ಮೊದಲ ಹಂತದಲ್ಲೇ ವಕೀಲರ ಮುಂದೆ ಮುಗಿಸಿ. ತಡವಾದರೆ ಆ ಸಹಿಗೆ ಬೆಲೆಯಿರುವುದಿಲ್ಲ.

ಸಂಪಾದಕರಲ್ಲಿ ನಮ್ಮ ಕೋರಿಕೆ ಒಂದೇ. ಮುಂದಿನ ಸೆಪ್ಟೆಂಬರಿನಲ್ಲಿ ಲಕ್ಷಣಗಳ ಪಟ್ಟಿಯ ಪಕ್ಕದಲ್ಲಿ, ಕತ್ತರಿಸಿ ಇಟ್ಟುಕೊಳ್ಳುವಂಥ ಖಾಲಿ ನಮೂನೆಯೊಂದನ್ನು ಅಚ್ಚು ಮಾಡಿ. ರೋಗಿಯನ್ನು ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ಶೌಚಕ್ಕೆ ಹೋಗಬೇಕೆಂದು ಹೇಗೆ ಸೂಚಿಸುತ್ತಾರೆ, ಯಾವ ಹಾಡಿಗೆ ಸಮಾಧಾನವಾಗುತ್ತಾರೆ, ಏನು ನುಂಗಬಲ್ಲರು, ಯಾವ ಮಾತ್ರೆ ಎಷ್ಟು ಗಂಟೆಗೆ, ಯಾವುದರ ಅಲರ್ಜಿ, ಯಾರಿಗೆ ಫೋನ್ ಮಾಡಬೇಕು: ಈ ಏಳು ಸಾಲು ಸಾಕು. ಅದನ್ನು ತುಂಬಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದರೆ, ಗುರುವಾರ ಮಧ್ಯಾಹ್ನ ಬಂದವರ ಕೈಗೆ ರೋಗಿಯನ್ನು ಒಪ್ಪಿಸಿ ಮನೆಯವರು ಧೈರ್ಯವಾಗಿ ಚಪ್ಪಲಿ ಮೆಟ್ಟಿ ಹೊರಡಬಹುದು.

ಇಂತಿ,
ಮರೆವಿನ ಕಾಯಿಲೆಯವರ ಆರೈಕೆಯಲ್ಲಿ ತೊಡಗಿರುವ ಓದುಗರು