ಗೊಂಬೆ ಹಬ್ಬದ ಚರ್ಪಿಗೆ ಉಸಲಿ ಇರಲಿ

ಮಾನ್ಯ ಸಂಪಾದಕರೇ,

ನವರಾತ್ರಿಯಲ್ಲಿ ಗೊಂಬೆ ನೋಡಲು ಬರುವ ಮಕ್ಕಳ ಕೈಗೆ ಚರ್ಪು, ಅಂದರೆ ಹಂಚುವ ತಿಂಡಿ, ಎಂದು ಚಿಪ್ಸ್ ಪೊಟ್ಟಣ ಬೇಡ. ಕಡಲೆಕಾಳಿನ ಉಸಲಿಗೆ ಎರಡೇ ಚಮಚ ಎಣ್ಣೆ ಸಾಕು.

ಒಂದು ಲೋಟ ಕರಿಕಡಲೆಯನ್ನು 10 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿಗೆ ಉಪ್ಪು ಹಾಕಿ ಕುಕ್ಕರಿನಲ್ಲಿ 4–5 ಕೂಗು ಕೂಗಿಸಿ. ಹಳೆಯ ಕಾಳು ಸುಲಭಕ್ಕೆ ಬೇಯದು. ಅಂಥದ್ದಕ್ಕೆ ನೆನೆಸುವಾಗಲೇ ಚಿಟಿಕೆ ಅಡುಗೆ ಸೋಡಾ ಹಾಕಿ. ಬೆಂದ ಮೇಲೆ ಪೂರ್ತಿ ಬಸಿಯಲೇಬೇಕು, ನೀರುಳಿದರೆ ಉಸಲಿ ಬೇಗ ಹಳಸುತ್ತದೆ. ಬಸಿದ ಕಟ್ಟಿನ ಸಾರು ಬಲು ರುಚಿ! ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಕಾಳು ಹಾಕಿ ತೇವ ಆರುವವರೆಗೆ ಬಾಡಿಸಿ. ತೆಂಗಿನತುರಿ, ನಿಂಬೆರಸ ಒಲೆ ಆರಿಸಿದ ಮೇಲೆಯೇ. ಕುದಿಬಿಸಿಗೆ ನಿಂಬೆ ಕಹಿಯಾಗುತ್ತದೆ. ಬಿಸಿಯಿದ್ದಾಗ ಡಬ್ಬಿ ಮುಚ್ಚಬೇಡಿ. ಸಂಜೆ ಹಂಚಲು ಮಧ್ಯಾಹ್ನ ಮಾಡಿಕೊಳ್ಳಿ.

– ಓದುಗರು, ಮೈಸೂರು