ಕೃತಕ ಮೂಳೆಗೆ ಬೆಲೆ ಕಟ್ಟುವವರು ಯಾರು?

ಮಾನ್ಯ ಸಂಪಾದಕರೇ,

ದವಡೆ ಶಸ್ತ್ರಚಿಕಿತ್ಸೆಗೆ ಕೃತಕ ಮೂಳೆ ಬಳಸುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿದೆ. ವೈದ್ಯರ ನಗುಮುಖದ ಫೋಟೊ ಚೆನ್ನಾಗಿ ಬಂದಿದೆ. ಪಕ್ಕದಲ್ಲೇ ಬಿಲ್ಲಿನ ಫೋಟೊವನ್ನೂ ಹಾಕಬಹುದಿತ್ತು.

ನಿನ್ನೆಯಷ್ಟೇ ಮಗಳನ್ನು ಡಿಸ್‌ಚಾರ್ಜ್ ಮಾಡಿಸಿಕೊಂಡು ಬಂದೆ. ಮೇಲ್ದವಡೆ ಕತ್ತರಿಸಿ, ಮುಂದಕ್ಕೂ ಕೆಳಕ್ಕೂ ತಂದು ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಉಳಿದ ಸಂದಿಗೆ ಕೃತಕ ಮೂಳೆ, ಅಂದರೆ ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಕ್ಯಾಲ್ಸಿಯಂ ಪದಾರ್ಥಗಳು ಬೆರೆತ ಹರಳು ತುಂಬಿದ್ದಾರೆ. ಅದರ ಬದಲು ಅವಳದೇ ಸೊಂಟದ ಮೂಳೆ ಕೆತ್ತಿ ತುಂಬಿದ್ದರೆ ಅಲ್ಲೊಂದು ಗಾಯ, ನೋವು, ಕುಂಟುವುದು. ಅದು ತಪ್ಪಿತಲ್ಲ ಎಂದು ನಾವೂ ಒಪ್ಪಿದ್ದೆವು. ಬಿಸಿ ತಟ್ಟಿದ್ದು ಮಾತ್ರ ಬಿಲ್ಲಿಂಗ್ ಕೌಂಟರಿನಲ್ಲಿ! ರವೆಯಂಥ ಬಿಳಿ ಹರಳು, ಅರ್ಧ ಚಮಚವೂ ಆಗದು. ಕೈಗವಸು, ಹತ್ತಿಯ ಜೊತೆ ‘ಕನ್ಸ್ಯೂಮಬಲ್ಸ್’ (ಬಳಸಿ ಮುಗಿಯುವ ಸಾಮಗ್ರಿ) ಎಂಬ ಒಂದೇ ಸಾಲಿಗೆ ಅದನ್ನೂ ತುರುಕಿದ್ದರು. ಬೆಲೆ ನೋಡಲು ಹರಳಿನ ಬಾಟಲಿಯ ಸ್ಟಿಕ್ಕರ್ ಕೊಡಿ ಎಂದರೆ ಒ.ಟಿ.ಗೆ (ಆಪರೇಷನ್ ಥಿಯೇಟರಿಗೆ) ಹೋಗಿ ಅಂದರು. ಒ.ಟಿ.ಯವರು ಫಾರ್ಮಸಿಗೆ ಕಳಿಸಿದರು, ಫಾರ್ಮಸಿಯವರು ಊಟಕ್ಕೆ ಹೋಗಿದ್ದರು. ಲಿಫ್ಟ್ ಕೆಟ್ಟಿತ್ತು. ಹಲ್ಲಿಗೆ ರಬ್ಬರ್ ಬಿಗಿಸಿಕೊಂಡು ಸಿರಿಂಜಿನಲ್ಲಿ ಗಂಜಿ ಕುಡಿಯುವ ಮಗಳು ‘ಬಿಲ್ ಸರಿಯಾಗಿ ನೋಡಪ್ಪಾ’ ಎಂದು ಚೀಟಿ ಬರೆದು ತೋರಿಸಿದಳು.

ವಿಮೆಯವರ ಪ್ರಕಾರ ಇದು ಸೌಂದರ್ಯ ಚಿಕಿತ್ಸೆಯಂತೆ. ಮುಂದಿನ ಹಲ್ಲು ಕೂಡದೆ ಚಪಾತಿ ಕಚ್ಚಲಾಗದವಳು ಸೌಂದರ್ಯ ಸ್ಪರ್ಧೆಗೆ ಹೊರಟಿದ್ದಳೇ? ವೈದ್ಯಕೀಯವಾಗಿ ಅಗತ್ಯ ಎಂದು ಡಾಕ್ಟರು ಬರೆದುಕೊಟ್ಟ ಪತ್ರವನ್ನು ಓದಿದ ಲಕ್ಷಣವೇ ಇಲ್ಲ.

2017ರಲ್ಲಿ ಹೃದಯದ ಸ್ಟೆಂಟಿಗೆ, ಮಂಡಿಯ ಇಂಪ್ಲಾಂಟಿಗೆ ಗರಿಷ್ಠ ಬೆಲೆ ಕಟ್ಟಿದ ಸರ್ಕಾರದವರ ಕಣ್ಣಿಗೆ ದವಡೆ ಬೀಳಲಿಲ್ಲ. ವೈದ್ಯಕೀಯ ಸಾಧನಗಳ ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲವಂತೆ. ಮೊದಲ ದಿನವೇ ಮನಸ್ಸಿಗೆ ಬಂದಷ್ಟು ಅಚ್ಚು ಹಾಕಿಸಿದವರಿಗೆ ಅದು ಯಾವ ಲೆಕ್ಕ? ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯವರು ಇಂಥ ಪದಾರ್ಥವನ್ನು ದೇಶದಲ್ಲೇ ಸಿದ್ಧಪಡಿಸಿ ಎಷ್ಟೋ ವರ್ಷವಾಯಿತು. ನಮ್ಮ ಪಾಲಿಗೆ ಬಂದದ್ದು ‘ಇಂಪೋರ್ಟೆಡ್’ ಬಾಟಲಿ.

ಯಾರನ್ನು ಕೇಳೋಣ? ಪೈಪಿಗೆಂದು ಆಸ್ಪತ್ರೆ ಮುಂದಿನ ರಸ್ತೆ ಅಗೆದವರು ಮುಚ್ಚುವುದನ್ನೇ ಮರೆತಿದ್ದಾರೆ. ದವಡೆ ಕೂಡಿಸಿಕೊಂಡವಳನ್ನು ಆಟೊದಲ್ಲಿ ಆ ಗುಂಡಿಗಳ ಮೇಲೆಯೇ ಕರೆತರಬೇಕಾಯಿತು. ಮಂತ್ರಿ ಬಂದಾಗ ಒಂದೇ ರಾತ್ರಿಯಲ್ಲಿ ಡಾಂಬರು ಬಿದ್ದಿತ್ತು, ಅದೂ ಅವರ ಕಾರು ನಿಲ್ಲುವ ಜಾಗದವರೆಗೆ!

ಕೃತಕ ಮೂಳೆಗೆ ಬೆಲೆ ನಿಗದಿಯಾಗಲಿ, ವಿಮೆಯವರಿಗೆ ಯಾರಾದರೂ ಬುದ್ಧಿ ಹೇಳಲಿ, ಆ ಗುಂಡಿಯನ್ನಾದರೂ ಮೊದಲು ಮುಚ್ಚಲಿ. ಇದ್ಯಾವುದೂ ಆಗದಿದ್ದರೆ, ತಾವು ಯಾವ ಕೆಲಸಕ್ಕೆ ಸಂಬಳ ಎಣಿಸುತ್ತಿದ್ದೇವೆಂದು ಸಂಬಂಧಪಟ್ಟವರು ಕಚೇರಿ ಬಾಗಿಲಿಗೆ ಬೋರ್ಡು ಬರೆಸಿ ಹಾಕಲಿ.

— ನೊಂದ ತಂದೆ